ಮಾತಾಡಿಸಿಕೊಂಡು ಬರುವುದು: ಒಬ್ಬ ಆಯಿ, ಒಂದು ಸಭೆ, ಎರಡೂವರೆ ವರ್ಷದ ಗುರುವಾರಗಳು

ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ 'ಹೋಗಿ ಮಾತಾಡಿಸಿಕೊಂಡು ಬರೋಣ' ಅನ್ನುತ್ತೇವೆ. ಸಾವಿನ ಮನೆಗೆ ಹೋಗುವಾಗಲೂ ಅದೇ ಮಾತು. ಚಿಕ್ಕಂದಿನಿಂದ ಕೇಳಿದ್ದೇನೆ, ನಾನೂ ಆಡಿದ್ದೇನೆ. ಅದರೊಳಗೆ ಏನಿದೆ ಅಂತ ಯೋಚಿಸಿರಲಿಲ್ಲ. ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ. ಎದುರಿಗಿರುವವರ ಬಾಯಿಂದ ಮಾತು ಬರುವ ಹಾಗೆ ಮಾಡುವುದು ಮಾತಾಡಿಸುವುದು. ನಾವು ಒಬ್ಬ ಆಯಿಯ, ಅಂದರೆ ಅಜ್ಜಿಯ, ಮನೆಗೆ ಹೋಗಿ, ನಾವೇ ಮಾತಾಡಿ ಬಂದೆವು. ಮುಂದಿನ ಸಲ ಅವರು ನಮ್ಮನ್ನು ಒಳಗೆ ಕರೆಯಲಿಲ್ಲ. ಈ ಬರಹ ಆ ಬಾಗಿಲಿನಿಂದ ಶುರುವಾಗುತ್ತದೆ.

ಬೇರೆ ಸಭೆಯ (ಒಂದು ಚರ್ಚಿಗೆ ಸೇರಿದವರನ್ನು ನಾವು ಸಭೆ ಅನ್ನುತ್ತೇವೆ) ಕೆಲವು ಅಕ್ಕಂದಿರು 'ನೀವು ಏನೇನು ಮಾಡಿದಿರಿ, ಒಂದು ಕಡೆ ಬರೆದು ಕೊಡಿ' ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ಆಯಿಗೆ ಓದಿ ಹೇಳಿದ್ದೇನೆ. ಅವರು ಬೇಡ ಅಂದದ್ದನ್ನು ತೆಗೆದಿದ್ದೇನೆ. ಊರು, ಹೆಸರು, ಮನೆಯ ಗುರುತು ಹೇಳುವುದಿಲ್ಲ.

ಆಯಿ ಯಾರು

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆ ಬೇರಿನಿಂದ ಬೆಳೆದ ಉತ್ತರ ಕರ್ನಾಟಕದ ಊರುಗಳಲ್ಲಿ ನಮ್ಮದೂ ಒಂದು. ಒಂದು ದೇವಾಲಯ (ಚರ್ಚನ್ನು ನಾವು ಹಾಗೇ ಕರೆಯುವುದು), ಒಂದು ಶಾಲೆ, ಸುತ್ತ ನಾಲ್ಕು ಓಣಿಯಲ್ಲಿ ನಮ್ಮವರ ಮನೆಗಳು. ಹಿಂದಿನ ತಲೆಮಾರಿನಲ್ಲಿ ನರ್ಸ್, ಮಾಸ್ತರು, ಕಂಪೌಂಡರ್, ರೈಲ್ವೆ ನೌಕರರು ಜಾಸ್ತಿ. ಮಕ್ಕಳನ್ನು ಚೆನ್ನಾಗಿ ಓದಿಸಿದರು. ಓದಿದ ಮಕ್ಕಳು ಪುಣೆ, ಬೆಂಗಳೂರು, ದುಬೈ ಸೇರಿದರು. ಹೆಂಚಿನ ಮನೆಗಳಲ್ಲಿ ವಯಸ್ಸಾದವರು ಉಳಿದರು. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಜಾಸ್ತಿ ಇದ್ದರು. ಅಷ್ಟು ದೊಡ್ಡ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ನಮ್ಮ ಸಭೆಯ ಪಟ್ಟಿಯಲ್ಲಿ 75 ದಾಟಿ ಒಂಟಿಯಾಗಿ ಇರುವವರು ಹದಿನಾಲ್ಕು ಮಂದಿ. ಇದು ಹತ್ತುತ್ತದೆ, ಯಾಕಂದರೆ ಹದಿನಾಲ್ಕೂ ಮುಖ ಗೊತ್ತು.

ಆಯಿ ಆ ಪಟ್ಟಿಯಲ್ಲಿ ಆರನೆಯವರು. ಆಗ ಅವರಿಗೆ 81. ಮಿಷನ್ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆ ವಾರ್ಡಿನಲ್ಲಿ. ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಒಬ್ಬನೇ ಮಗ, ಪುಣೆಯಲ್ಲಿ ಕಾರ್ಖಾನೆ ಕೆಲಸ. ಆಯಿ ದೇವಾಲಯಕ್ಕೆ ಬರುವುದನ್ನು ಬಿಟ್ಟು ಎರಡು ವರ್ಷ ಆಗಿತ್ತು. ಮೊದಲು ಬಲಗಡೆ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ಕೊರೊನಾ ಆದ ಮೇಲೆ ಆ ಜಾಗ ಖಾಲಿ. 'ನಂಬಿಕೆಯಲ್ಲಿ ತಣ್ಣಗಾಗಿದ್ದಾರೆ' ಅಂತ ಒಬ್ಬರು ಅಂದರು. 'ಮಗನ ಚಿಂತೆ' ಅಂತ ಇನ್ನೊಬ್ಬರು. ಅವರನ್ನೇ ಯಾರೂ ಕೇಳಿರಲಿಲ್ಲ.

ನಾವು ಮಾಡಿದ ತಪ್ಪು

2022ರ ಡಿಸೆಂಬರ್. ಕ್ರಿಸ್‌ಮಸ್‌ಗೆ ಮೊದಲು ವಯಸ್ಸಾದವರ ಮನೆಗೆ ಹೋಗಿ ಬರಬೇಕು ಅಂತ ಮಹಿಳಾ ಕೂಟದಲ್ಲಿ ತೀರ್ಮಾನವಾಯಿತು. ಆಯಿಯ ಮನೆಗೆ ಒಂಬತ್ತು ಜನ ಹೋದೆವು. ಇದ್ದದ್ದು ಎರಡು ಕುರ್ಚಿ, ಒಂದು ಮಂಚ. ಉಳಿದವರು ನಿಂತೆವು. ಆಯಿ ಅಡಿಗೆಮನೆಗೂ ಪಡಸಾಲೆಗೂ ನಡುವೆ ನಿಂತು, 'ಚಾ ಮಾಡಲೇನು' ಅಂತ ಎರಡು ಸಲ ಕೇಳಿದರು. 'ಬೇಡ ಆಯಿ, ಇನ್ನೂ ನಾಲ್ಕು ಮನೆ ಇದಾವು' ಅಂದೆವು. ಎರಡು ಹಾಡು ಹಾಡಿದೆವು. ಸೇಬುಹಣ್ಣಿನ ಚೀಲ ಕೈಗೆ ಕೊಟ್ಟು ಫೋಟೋ ತೆಗೆದೆವು. ನಮ್ಮಲ್ಲಿ ಒಬ್ಬರು ಪ್ರಾರ್ಥನೆ ಮಾಡಿದರು. ಆ ಪ್ರಾರ್ಥನೆಯಲ್ಲಿ 'ಕರ್ತನೇ, ಈ ತಾಯಿಯನ್ನು ಮರೆತ ಮಗನಿಗೆ ಒಳ್ಳೆಯ ಬುದ್ಧಿ ಕೊಡು' ಅನ್ನುವ ಮಾತು ಬಂತು. ಎಲ್ಲರೂ ಜೋರಾಗಿ ಆಮೆನ್ ಅಂದೆವು. ನಾನೂ ಅಂದೆ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಸಂಜೆ ವಾಟ್ಸ್‌ಆಪ್ ಗುಂಪಿನಲ್ಲಿ ಫೋಟೋ ಬಂತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಜನವರಿಯಲ್ಲಿ ಮತ್ತೆ ಹೋದೆವು. ಆಯಿ ಬಾಗಿಲು ಅರ್ಧ ತೆರೆದು, 'ಇವತ್ತು ಬ್ಯಾಡ ಯವ್ವಾ, ಮೈ ಚಲೋ ಇಲ್ಲ' ಅಂದರು. ಫೆಬ್ರವರಿಯಲ್ಲಿ ಬಾಗಿಲೇ ತೆರೆಯಲಿಲ್ಲ. ಒಳಗೆ ರೇಡಿಯೋ ಸದ್ದು ಕೇಳುತ್ತಿತ್ತು. 'ನಾವು ನಮ್ಮ ಕೆಲಸ ಮಾಡಿದ್ದೇವೆ, ಅವರಿಗೇ ಬೇಡವಾದರೆ ಏನು ಮಾಡೋದು' ಅಂತ ಮಾತಾಡಿಕೊಂಡು ಬಂದೆವು.

ಆದರೆ ಆ ರೇಡಿಯೋ ಸದ್ದು ನನ್ನನ್ನು ಬಿಡಲಿಲ್ಲ. ಮೂರು ದಿನ ಬಿಟ್ಟು ಶಾಲೆ ಮುಗಿಸಿಕೊಂಡು ಒಬ್ಬಳೇ ಹೋದೆ. ಕೈಯಲ್ಲಿ ಏನೂ ಇರಲಿಲ್ಲ. 'ಆಯಿ, ನಮ್ಮಿಂದ ಏನಾದರೂ ತಪ್ಪಾಯಿತಾ?' ಅಂತ ಬಾಗಿಲಲ್ಲೇ ಕೇಳಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಅಂದರು: 'ನನ್ನ ಮನಿಯಾಗ ನಿಂತು, ನನ್ನ ಮಗನ ಮ್ಯಾಲ ದೇವರಿಗೆ ಚಾಡಿ ಹೇಳಿದ್ರಿ.'

ಚಾಡಿ. ಆ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗೆ ಬರಲೇ ಅಂತ ಕೇಳಲಿಲ್ಲ. ತಪ್ಪಾಯಿತು ಅಂತ ಹೇಳಿ ಬಂದೆ.

ಆ ರಾತ್ರಿ ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ತೆಗೆದೆ. ಭೇಟಿಗೆ ಹೊರಡುವ ಮೊದಲು ನಾವು ಪ್ರತಿ ಸಲ ಓದುವ ಅಧ್ಯಾಯ ಅದು. ರೋಗದಲ್ಲಿದ್ದೆ, ನೀವು ಬಂದಿರಿ. ಸೆರೆಯಲ್ಲಿದ್ದೆ, ನನ್ನನ್ನು ನೋಡಲು ಬಂದಿರಿ. ಎಷ್ಟು ಸಲ ಓದಿದ್ದೆ! ಅಲ್ಲಿ ಯೇಸು ಎಲ್ಲಿದ್ದಾನೆ ಅಂತ ಒಂದು ಸಲವೂ ಗಮನಿಸಿರಲಿಲ್ಲ. ಬಾಗಿಲು ತಟ್ಟುವವರ ಗುಂಪಿನಲ್ಲಿ ಅವನಿಲ್ಲ. ಮಂಚದ ಮೇಲೆ ಇದ್ದಾನೆ. ನಾವು ಯೇಸುವನ್ನು ಆಯಿಯ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೇವೆ ಅಂದುಕೊಂಡಿದ್ದೆವು. ಅವನು ಮೊದಲೇ ಅಲ್ಲಿದ್ದ. ಅವನ ಮನೆಗೆ ಹೋಗಿ, ಅವನು ಕೊಡುತ್ತೇನೆಂದ ಚಹಾ ಬೇಡ ಅಂದು ಬಂದಿದ್ದೆವು.

ಯಾಕೋಬನ ಪತ್ರಿಕೆಯಲ್ಲಿ, ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಂಕಟದಲ್ಲಿ 'ಪರಾಮರಿಸು'ವುದೇ ಶುದ್ಧ ಭಕ್ತಿ ಅಂತ ಇದೆ. ಮೂಲ ಗ್ರೀಕಿನಲ್ಲಿ ಅಲ್ಲೂ ಮತ್ತಾಯನ ಆ ವಚನದಲ್ಲೂ ಒಂದೇ ಕ್ರಿಯಾಪದ. ಹೋಗಿ ನೋಡುವುದು, ವಿಚಾರಿಸಿಕೊಳ್ಳುವುದು ಅಂತ ಅದರ ಅರ್ಥ. ಬಿಷಪ್ ಅನ್ನುವ ಪದವೂ ಅದೇ ಬೇರಿನದು. ಮನೆಗೆ ಹೋಗಿ ವಿಚಾರಿಸುವ ಕೆಲಸವನ್ನು ಸಭೆಯ ಪಕ್ಕದ ಕೆಲಸ ಅಂತ ನಾನು ಎಣಿಸಿದ್ದೆ. ಅದು ನಡುಮನೆಯ ಕೆಲಸ.

ಇಬ್ಬರೇ, ಗುರುವಾರ, ನಾಲ್ಕು ಗಂಟೆಗೆ

ಸಭಾಪಾಲಕರ (ನಮ್ಮ ಪಾದ್ರಿಗಳ) ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಪ್ರತಿ ವಾರ ಹೋಗೋಕೆ ಆಗುತ್ತಾ? ಆಗೋದಿಲ್ಲ ಅಂದರೆ ಶುರು ಮಾಡಬೇಡಿ.' ಬಿ.ಕಾಂ ಓದುತ್ತಿದ್ದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ನನ್ನ ಜೊತೆ ಬರಲು ಒಪ್ಪಿದ. ಅವನಿಗೆ ಅಜ್ಜಿ ಇರಲಿಲ್ಲ.

ಇಬ್ಬರು ಹೋಗುವುದು ಹಳೆಯ ಪದ್ಧತಿ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಅಂತ ಮಾರ್ಕನಲ್ಲಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಮ್ ಮತ್ತು ಅವನ ಗೆಳೆಯರು ಸಂತ ವಿನ್ಸೆಂಟ್ ದೆ ಪಾಲ್ ಸಭೆ ಶುರು ಮಾಡಿದರು. ಓಜಾನಾಮ್‌ಗೆ ಆಗ ಬರೀ ಇಪ್ಪತ್ತು ವರ್ಷ. ಹಿಂದಿನ ವರ್ಷವಷ್ಟೇ ಕಾಲರಾ ಬಂದು ಆ ಊರಿನಲ್ಲಿ ಸಾವಿರಾರು ಜನ ಸತ್ತಿದ್ದರು. ಬಡವರ ಮನೆಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ ರಾಂಡ್ಯು ಈ ಹುಡುಗರಿಗೆ ದಾರಿ ತೋರಿಸಿದರು. ಆ ಸಭೆಯವರು ಇವತ್ತಿಗೂ ಇಬ್ಬಿಬ್ಬರಾಗಿಯೇ ಮನೆಗೆ ಹೋಗುತ್ತಾರೆ. ನಾವು ಪ್ರೊಟೆಸ್ಟೆಂಟರು, ಅವರು ಕಥೋಲಿಕರು. ಒಳ್ಳೆಯ ಪದ್ಧತಿ ಕಲಿಯೋಕೆ ಅದೇನೂ ಅಡ್ಡ ಬರಲಿಲ್ಲ. ಇಬ್ಬರಿದ್ದರೆ ಮನೆ ತುಂಬುವುದಿಲ್ಲ. ಒಬ್ಬರು ಕೇಳಿಸಿಕೊಳ್ಳದ್ದನ್ನು ಇನ್ನೊಬ್ಬರು ಕೇಳಿಸಿಕೊಂಡಿರುತ್ತಾರೆ. ಒಂಟಿ ಮನೆಯಲ್ಲಿ ಏನಾದರೂ ಕಳೆದರೆ, ಏನಾದರೂ ಆರೋಪ ಬಂದರೆ, ಇಬ್ಬರಿಗೂ ಸಾಕ್ಷಿ ಇರುತ್ತದೆ. ಇದನ್ನು ಹೇಳಲು ಸಂಕೋಚಪಡಬಾರದು.

ಮೊದಲ ಗುರುವಾರ ಆಯಿ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದರು. ಎರಡನೆಯದೂ ಕಟ್ಟೆಯೇ. ಮೂರನೇ ವಾರ ಮಳೆ ಬಂತು, ಒಳಗೆ ಕರೆದರು. ಮತ್ತೆ 'ಚಾ ಮಾಡಲೇನು' ಅಂದರು. 'ಮಾಡ್ರಿ ಆಯಿ, ಸಕ್ಕರೆ ಜಾಸ್ತಿ ಇರಲಿ' ಅಂದ ಹುಡುಗ. ಆಯಿಯ ಮುಖ ಅರಳಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆ ಮೊದಲ ಎರಡು ತಿಂಗಳು ಕಷ್ಟದ್ದೇ. ನಾವು ಹೇಳಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ನಡುನಡುವೆ ಬಹಳ ಹೊತ್ತು ಮಾತೇ ಇರುತ್ತಿರಲಿಲ್ಲ. ನಾನು ಟೀಚರು, ಮೌನ ಕಂಡರೆ ತುಂಬಿಸುವ ಅಭ್ಯಾಸ. ನಾಲಿಗೆ ಹಿಡಿದುಕೊಂಡು ಕೂರೋದನ್ನು ಕಲಿಯಬೇಕಾಯಿತು. ಬೈಬಲಿನಲ್ಲಿ, ಎಲ್ಲ ಕಳೆದುಕೊಂಡು ಕೂತ ಯೋಬನ ಹತ್ತಿರ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರಂತೆ. ಅವರು ಬಾಯಿ ತೆರೆದ ಮೇಲೆಯೇ ಎಲ್ಲ ಕೆಟ್ಟಿದ್ದು. ಆ ಏಳು ದಿನಕ್ಕಾಗಿ ಅವರ ಮೇಲೆ ನನಗೆ ಈಗ ಗೌರವ ಜಾಸ್ತಿಯಾಗಿದೆ.

ನಿಜವಾದ ಕಾರಣ

ಮೂರನೇ ತಿಂಗಳಲ್ಲಿ ಒಂದು ಸಂಜೆ ನನಗೆ ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗಬೇಕಾಯಿತು. ಕೇಳಿದೆ. ಹೋಗಿ ಬಂದ ಮೇಲೆ ಆಯಿ ಮೆಲ್ಲಗೆ ಅಂದರು: 'ನೀ ನಾಚಿಕಿ ಇಲ್ದ ಕೇಳಿದಿ ನೋಡ, ಅದು ಚಲೋ ಆತು. ನಾ ದೇವಾಲಯಕ್ಕ ಯಾಕ ಬರೂದಿಲ್ಲ ಗೊತ್ತೇನ? ನನಗ ಅರ್ಧ ತಾಸಿಗೊಮ್ಮೆ ಹೋಗಬೇಕಾಗತೈತಿ. ಅಲ್ಲಿ ಮೂರು ಮೆಟ್ಟಿಲಾ ಇಳಿಬೇಕು. ಕುಂತ್ರ ಏಳಾಕ ಆಗೂದಿಲ್ಲ. ಒಮ್ಮೆ ಸೀರಿ ಒದ್ದಿ ಆತು. ಆವತ್ತಿಗೆ ಬಿಟ್ಟೆ.'

ಎರಡು ವರ್ಷ ನಾವು ಅವರ ನಂಬಿಕೆಯನ್ನು ಅಳೆದಿದ್ದೆವು. ಇದ್ದದ್ದು ಮೂರು ಮೆಟ್ಟಿಲು ಮತ್ತು ಕಮೋಡ್ ಇಲ್ಲದ ಒಂದು ಪಾಯಿಖಾನೆ.

ಇದನ್ನು ಸಭೆಯ ಕಮಿಟಿಗೆ ಹೇಳಿದೆ, ಅವರ ಹೆಸರು ಹೇಳದೆ. ಮೆಟ್ಟಿಲಿಗೆ ಹಿಡಿಕೆಯ ಕಂಬಿ, ಒಂದು ಕಮೋಡ್, ಬಾಗಿಲ ಹತ್ತಿರ ಎದ್ದು ಹೋಗಲು ಸುಲಭವಾದ ನಾಲ್ಕು ಕುರ್ಚಿ ಕೇಳಿದೆ. ಕುರ್ಚಿ ಮುಂದಿನ ಭಾನುವಾರವೇ ಬಂತು. ಕಮೋಡ್ ಮತ್ತು ಕಂಬಿಗೆ ಏಳು ತಿಂಗಳು ಹಿಡಿಯಿತು. ಅದೇ ಏಳು ತಿಂಗಳಲ್ಲಿ ಹೊಸ ಧ್ವನಿವರ್ಧಕ ಬಂತು. ಈ ಮಾತು ಬರೆಯುವಾಗಲೂ ನೋವಾಗುತ್ತದೆ. ಕಮಿಟಿಯಲ್ಲಿ ಕೆಟ್ಟವರು ಯಾರೂ ಇಲ್ಲ. ಮೂತ್ರದ ವಿಷಯ ಎತ್ತೋಕೆ ಎಲ್ಲರಿಗೂ ಮುಜುಗರ, ಅಷ್ಟೇ. ಆ ಮುಜುಗರದಿಂದ ಎಷ್ಟು ಜನ ಹಿರಿಯರು ಮನೆಯಲ್ಲಿ ಕೂತಿದ್ದಾರೋ! ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಿದ್ದಾರೆ ಅನ್ನುವ ದೂರು ಬಂದಾಗ, ಸಭೆ ಕೂಡಲೇ ಏಳು ಜನರನ್ನು ಆರಿಸಿ ಅದಕ್ಕೇ ನೇಮಿಸಿತು. ಅಂಥ ದೂರನ್ನು ಸಣ್ಣದು ಅಂತ ಅವರು ತಳ್ಳಿಹಾಕಲಿಲ್ಲ.

ಇನ್ನೊಂದು ಕಾರಣ ಕಿವಿ. ಆಯಿಯ ಹತ್ತಿರ ಮಗ ಕೊಡಿಸಿದ ಕಿವಿಯ ಯಂತ್ರ ಇತ್ತು, ಕಪಾಟಿನ ಡಬ್ಬಿಯಲ್ಲಿ. 'ಅದು ಸತ್ತೈತಿ' ಅಂದರು. ಹುಡುಗ ತೆಗೆದು ನೋಡಿದ. ಯಂತ್ರ ಚೆನ್ನಾಗಿಯೇ ಇತ್ತು. ಸೆಲ್ ಮುಗಿದಿತ್ತು. ಗುಂಡಿಯಷ್ಟು ಸಣ್ಣ ಸೆಲ್ ಅದು. ಹಿಂದಿನ ಅಂಟುಪಟ್ಟಿ ಕಿತ್ತ ಕೂಡಲೇ ಗಾಳಿ ತಗುಲಿ ಕೆಲಸ ಶುರು ಮಾಡುತ್ತದೆ. ಆಮೇಲೆ ಬಳಸಿದರೂ ಬಿಟ್ಟರೂ ಸವೆಯುತ್ತಲೇ ಇರುತ್ತದೆ. ಒಂದೆರಡು ವಾರ ಬರುತ್ತದೆ. ಆಯಿ ಒಂದೇ ಸಲಕ್ಕೆ ಆರು ಸೆಲ್‌ಗಳ ಪಟ್ಟಿ ಕಿತ್ತು ಡಬ್ಬಿಯಲ್ಲಿ ಇಟ್ಟಿದ್ದರು. ಎಲ್ಲವೂ ಒಟ್ಟಿಗೆ ಮುಗಿದಿದ್ದವು. ನಮ್ಮ ಊರಿನ ಅಂಗಡಿಯಲ್ಲಿ ಆ ಅಳತೆಯದು ಸಿಗಲಿಲ್ಲ. ಹುಬ್ಬಳ್ಳಿಯಿಂದ ತರಿಸಿದೆವು. ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಿ ಕಿವಿಯ ಗುಗ್ಗೆ ತೆಗೆಸಿದೆವು.

ಈ ಕಿವಿಯೇ ಮಗನ ಕಥೆಯನ್ನೂ ಬಿಡಿಸಿತು. ಮಗ ಮರೆತಿರಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದ. ಆಯಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಅಂತ ಹೇಳಿದರೆ ಅವನು ಪುಣೆಗೆ ಕರೆದುಕೊಂಡು ಹೋಗುತ್ತಾನೆ ಅನ್ನುವ ಭಯ. ಅಲ್ಲಿ ನಾಲ್ಕನೇ ಮಹಡಿಯ ಮನೆ, ಸೊಸೆಗೂ ಕೆಲಸ, ಓಣಿಯಲ್ಲಿ ಕನ್ನಡ ಮಾತಾಡುವವರಿಲ್ಲ. ಅದಕ್ಕೇ ಅವನು ಏನು ಕೇಳಿದರೂ 'ಹೂಂಪಾ, ಚಲೋ ಅದೀನಿ' ಅಂತ ಹೇಳಿ ಇಟ್ಟುಬಿಡುತ್ತಿದ್ದರು. ಅವ್ವನಿಗೆ ನನ್ನ ಜೊತೆ ಮಾತಾಡಲು ಇಷ್ಟ ಇಲ್ಲ ಅಂತ ಮಗ ತಿಳಿದಿದ್ದ. ಇದನ್ನು ಅವನೇ ನನಗೆ ಫೋನಿನಲ್ಲಿ ಹೇಳಿ ಅತ್ತ. ಅವನಿಗೆ ಒಳ್ಳೆಯ ಬುದ್ಧಿ ಕೊಡು ಅಂತ ನಾವು ಆಮೆನ್ ಅಂದಿದ್ದೆವು.

ಒಂದು ಹಂತದಲ್ಲಿ ನಮ್ಮವರೇ ಒಬ್ಬರು, ಮಗನ ಮೇಲೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ದೂರು ಕೊಡಿಸೋಣ ಅಂದಿದ್ದರು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ವಕೀಲರು ಬೇಕಿಲ್ಲ, ಒಳ್ಳೆಯ ಕಾನೂನು. ಹೊಡೆಯುವ, ಮನೆಯಿಂದ ಹಾಕುವ ಮಕ್ಕಳಿರುವ ಕಡೆ ಅದು ಬೇಕೇ ಬೇಕು. ಹಿರಿಯರ ಸಹಾಯವಾಣಿ 14567 ಅನ್ನೂ ಎಲ್ಲ ಹದಿನಾಲ್ಕು ಮನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಆದರೆ ಈ ಮನೆಗೆ ಬೇಕಾಗಿದ್ದದ್ದು ಒಂದು ಸೆಲ್. ಆಯಿಯನ್ನು ಮಾತಾಡಿಸದೆ ಹೋಗಿದ್ದರೆ ನಾವು ಅವರನ್ನು ಮಗನ ವಿರುದ್ಧ ಕಚೇರಿಯಲ್ಲಿ ನಿಲ್ಲಿಸುತ್ತಿದ್ದೆವೇನೋ.

ಕೈಯ ಗೆರೆ

ಆಯಿಗೆ ಭವಿಷ್ಯನಿಧಿಯ ಸಣ್ಣ ಪಿಂಚಣಿ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅನ್ನುವ ಪ್ರಮಾಣಪತ್ರ ಕೊಡಬೇಕು. ಎರಡು ಸಲ ಸೆಂಟರಿಗೆ ಹೋಗಿ ಬೆರಳು ಒತ್ತಿದ್ದರು, ಯಂತ್ರ ಹಿಡಿಯಲಿಲ್ಲ. ವರ್ಷಗಟ್ಟಲೆ ಡೆಟಾಲು, ಸೋಪು, ಬಿಸಿನೀರಿನಲ್ಲಿ ತೊಳೆದ ಕೈ. ಗೆರೆ ಸವೆದು ಹೋಗಿವೆ. ಪಿಂಚಣಿ ನಿಂತು ನಾಲ್ಕು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ. ಈಗ ಮುಖ ತೋರಿಸಿದರೂ ಆಗುತ್ತದೆ, ಮೊಬೈಲಿನಲ್ಲೇ. ಹುಡುಗ ಒಂದು ಗುರುವಾರ ಕಿಟಕಿಯ ಬೆಳಕಿಗೆ ಕೂರಿಸಿ ಮಾಡಿಕೊಟ್ಟ. ಆಯಿ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಕೂತರು. ಪ್ರಮಾಣಪತ್ರ ಬಂದಾಗ 'ಅಂತೂ ನಾ ಜೀವಂತ ಅದೀನಿ ಅಂತ ಸರಕಾರ ಒಪ್ಪಿಕೊಂತು' ಅಂದರು.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳಬೇಕು. ಅವರ ಹಣ, ಬ್ಯಾಂಕ್ ಪಾಸ್‌ಬುಕ್, ಕೀಲಿಕೈ, ಮೊಬೈಲಿಗೆ ಬರುವ ಓಟಿಪಿ, ಇವನ್ನು ನಾವು ಮುಟ್ಟುವುದಿಲ್ಲ. ಕಾಗದದ ಕೆಲಸ ಏನೇ ಇದ್ದರೂ ಮಗನಿಗೆ ಫೋನ್ ಹಚ್ಚಿ, ಸ್ಪೀಕರಿನಲ್ಲಿ ಇಟ್ಟು, ಇಬ್ಬರೂ ಇದ್ದಾಗಲೇ ಮಾಡುತ್ತೇವೆ. ಎರಡನೇ ವರ್ಷ ಆಯಿ, 'ಈ ಮನಿ ಸಭೆಗೆ ಬರದು ಕೊಡ್ತೀನಿ' ಅಂದರು. ನನಗೆ ಗಾಬರಿಯಾಯಿತು. ಸಭಾಪಾಲಕರು ಬಂದು ಕೂತು, ಮಗನ ಜೊತೆ ಮಾತಾಡದೆ ಸಭೆ ಒಂದು ಕಾಗದವನ್ನೂ ತೆಗೆದುಕೊಳ್ಳುವುದಿಲ್ಲ ಅಂತ ನಯವಾಗಿ ಹೇಳಿದರು. ಭೇಟಿಗೆ ಹೋಗುವವರ ಮನಸ್ಸಿನಲ್ಲಿ ಆಸ್ತಿಯ ನೆರಳು ಬಿದ್ದರೂ ಆ ಭೇಟಿ ಅಲ್ಲಿಗೆ ಮುಗಿಯಿತು. ಬಿದ್ದಿದೆ ಅಂತ ಊರಿನವರಿಗೆ ಅನ್ನಿಸಿದರೂ ಅಷ್ಟೇ.

ಪ್ರಾರ್ಥನೆ ಯಾರದು

ಆ ಡಿಸೆಂಬರಿನ ಪ್ರಾರ್ಥನೆ ಆದ ಮೇಲೆ, ಆ ಮನೆಯಲ್ಲಿ ನಾನು ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ. ಧೈರ್ಯ ಬರಲಿಲ್ಲ. ಆರು ತಿಂಗಳಾದ ಮೇಲೆ ಆಯಿಯೇ 'ಏನ ಟೀಚರ, ಪ್ರಾರ್ಥನಿ ಮರತಿಯೇನ' ಅಂದರು. 'ನೀವು ಮಾಡ್ರಿ ಆಯಿ, ನಾವು ಆಮೆನ್ ಅಂತೀವಿ' ಅಂದೆ. ಅವರು ಪ್ರಾರ್ಥಿಸಿದರು. ಹುಡುಗನ ಪರೀಕ್ಷೆ, ನನ್ನ ಮಗಳ ಮದುವೆ, ಪಕ್ಕದ ಮನೆಯ ಎಮ್ಮೆ, ಮಗನ ಬೆನ್ನುನೋವು, ಎಲ್ಲ ಅದರಲ್ಲಿತ್ತು. ಅಂದಿನಿಂದ ಅದೇ ರೂಢಿ. ಸಭೆಯಲ್ಲಿ ಹುಷಾರಿಲ್ಲದವರ ಪಟ್ಟಿಯನ್ನು ಪ್ರತಿ ಗುರುವಾರ ಅವರಿಗೆ ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಬೆಳಗಿನ ನಾಲ್ಕಕ್ಕೆ ಎದ್ದು ಒಂದೊಂದೇ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಮುಂದಿನ ವಾರ ಒಬ್ಬೊಬ್ಬರ ಬಗ್ಗೆಯೂ ವಿಚಾರಿಸುತ್ತಾರೆ. ನನಗೆ ಗೊತ್ತಿಲ್ಲ ಅಂದರೆ ಸಿಟ್ಟಾಗುತ್ತಾರೆ.

ಓದುವುದನ್ನೂ ಅವರೇ ಆರಿಸುತ್ತಾರೆ. ನಾನು ಕೀರ್ತನೆ 71 ಓದಲೇ ಅಂತ ಕೇಳಿದ್ದೆ, ವೃದ್ಧಾಪ್ಯದಲ್ಲಿ ನನ್ನನ್ನು ಕೈಬಿಡಬೇಡ ಅನ್ನುವುದು. 'ಅದು ಬಾಯಿಪಾಠ ಐತಿ' ಅಂದರು. ತಿಮೊಥೆಗೆ ಬರೆದ ಎರಡನೇ ಪತ್ರಿಕೆಯ ಕೊನೇ ಅಧ್ಯಾಯ ಓದಿಸಿದರು. ಪೌಲ ಸೆರೆಯಲ್ಲಿದ್ದಾನೆ. ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದಾರೆ. ಲೂಕನೊಬ್ಬನೇ ಜೊತೆಗಿದ್ದಾನೆ. ತ್ರೋವ ಅನ್ನುವ ಊರಿನಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮೊದಲೇ ಬಾ ಅಂತ ತಿಮೊಥೆಗೆ ಬರೆಯುತ್ತಾನೆ. ಆಯಿ ಕಣ್ಣು ಮುಚ್ಚಿ ಕೇಳಿ, 'ನೋಡ, ಅಷ್ಟ ದೊಡ್ಡ ಪೌಲಗೂ ಥಂಡಿ ಹತ್ತಿತ್ತು. ಬಾ ಅಂತ ಕರಿಯಾಕ ಅವಗ ನಾಚಿಕಿ ಆಗಲಿಲ್ಲ' ಅಂದರು. ಆ ಅಧ್ಯಾಯದ ಮೇಲೆ ದೇವಾಲಯದಲ್ಲಿ ಎಷ್ಟೋ ಪ್ರಸಂಗ (ಬೋಧನೆ) ಕೇಳಿದ್ದೇನೆ. ಮೇಲಂಗಿಯ ಹತ್ತಿರ ಯಾರೂ ನಿಂತಿರಲಿಲ್ಲ.

ಹೊರಗೆ ಹೋದ ಮೊದಲ ದಿನ

ಕಂಬಿ, ಕಮೋಡ್ ಆದ ಮೇಲೆ ಆಯಿಯನ್ನು ದೇವಾಲಯಕ್ಕೆ ಕರೆದುಕೊಂಡು ಬರುವುದು ನಮ್ಮ ಗುರಿಯಾಗಿತ್ತು. ಆಟೋ ಹೇಳಿದ್ದೆವು. ಆಯಿ, 'ಮೊದಲು ಬ್ಯಾರೆ ಕಡೆ ಹೋಗೂದೈತಿ' ಅಂದರು. ಹೆರಿಗೆ ವಾರ್ಡಿನಲ್ಲಿ ಅವರ ಜೊತೆ ಇಪ್ಪತ್ತಾರು ವರ್ಷ ರಾತ್ರಿಪಾಳಿ ಮಾಡಿದ ಒಬ್ಬ ಮುಸ್ಲಿಂ ಗೆಳತಿ. ಲಕ್ವಾ ಹೊಡೆದು ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಮಾತು ನಿಂತಿತ್ತು. ಊರಿನ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿದ್ದರು. ಆಯಿಗೆ ಹೋಗಲು ಆಗಿರಲಿಲ್ಲ, ಕರೆದೊಯ್ಯಿ ಅಂತ ಕೇಳಲು ಯಾರೂ ಇರಲಿಲ್ಲ.

ಹೋದೆವು. ಆಯಿ ಮಂಚದ ಅಂಚಿನಲ್ಲಿ ಕೂತು ಗೆಳತಿಯ ಕೈ ಹಿಡಿದರು. 'ನಾ ಯಾರು?' ಅಂದರು. ಗೆಳತಿಯ ಬಲಗೈ ಬೆರಳು ಒಮ್ಮೆ ಬಿಗಿಯಾಯಿತು. 'ಹೌದಂದ್ರ ಒಮ್ಮೆ ಒತ್ತು. ಅಲ್ಲಂದ್ರ ಎರಡು ಸಲ.' ಆಮೇಲೆ ಒಂದು ತಾಸು ಇಬ್ಬರೂ ಹಾಗೆಯೇ ಮಾತಾಡಿದರು. ಆ ರಾತ್ರಿ ಕರೆಂಟ್ ಹೋದಾಗ ಅವಳಿ ಮಕ್ಕಳು ಹುಟ್ಟಿದ್ದು ನೆನಪೈತಾ? ಒಮ್ಮೆ. ಉಣ್ಣಾಕ ಕೊಡ್ತಾರೇನ ಬರೋಬ್ಬರಿ? ಒಮ್ಮೆ. ನೋವೈತೇನ? ಬಹಳ ಹೊತ್ತು ಸುಮ್ಮನಿದ್ದು, ಒಮ್ಮೆ. ಆಯಿ ಕೂಡಲೇ ಎದ್ದು, ನನ್ನ ಭುಜ ಹಿಡಿದುಕೊಂಡು, ಗೆಳತಿಯನ್ನು ಪಕ್ಕಕ್ಕೆ ಹೊರಳಿಸಲು ಹೇಳಿದರು. ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು, ಹುಣ್ಣಾಗುವ ಮೊದಲಿನ ಹಂತ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲ ಕೆಳಗೆ ದಿಂಬು ಇಡಬೇಕು, ಕೆಂಪಾದಲ್ಲಿ ತಿಕ್ಕಬಾರದು ಅಂತ ಮಗಳಿಗೆ ಕಲಿಸಿದರು. ಮಗಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಚಹಾ ಮಾಡಿದರು. ನಾವು ಎಲ್ಲರೂ ಕುಡಿದೆವು.

ಮಾತೇ ಇಲ್ಲದವರನ್ನು ಮಾತಾಡಿಸುವುದು ಹೇಗೆ ಅಂತ ನಾನು ಅವತ್ತು ನೋಡಿದೆ. ಯೇಸುವಿನ ತಾಯಿ ಮರಿಯಳು ತನ್ನ ಬಂಧು ಎಲಿಸಬೇತಳನ್ನು ನೋಡಲು ಬೆಟ್ಟದ ಸೀಮೆಗೆ ಹೋಗಿ ಸುಮಾರು ಮೂರು ತಿಂಗಳು ಇದ್ದಳು ಅಂತ ಲೂಕ ಬರೆಯುತ್ತಾನೆ. ಭೇಟಿಯಾದ ಹೊತ್ತಿನ ಮಾತು ಬಿಟ್ಟರೆ, ಆಮೇಲೆ ಅಷ್ಟು ದಿನ ಅವರಿಬ್ಬರೂ ಏನು ಮಾತಾಡಿದರು ಅಂತ ಬರೆದಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಅದು ನೆನಪಾಯಿತು.

ಮುಂದಿನ ಭಾನುವಾರ ಆಯಿ ದೇವಾಲಯಕ್ಕೆ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಈಗ ತಿಂಗಳಿಗೆ ಒಂದೆರಡು ಸಲ ಬರುತ್ತಾರೆ. ಬರಲಾಗದ ತಿಂಗಳು ಕರ್ತನ ಭೋಜನ (ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಮನೆಗೆ ಹೋಗುತ್ತದೆ. ಗೆಳತಿಯ ಮನೆಗೆ ಮಾತ್ರ ತಪ್ಪದೆ ಹದಿನೈದು ದಿನಕ್ಕೊಮ್ಮೆ. ಆ ಆಟೋ ಖರ್ಚು ಮಗ ಕಳಿಸುತ್ತಾನೆ.

ಆಗದೆ ಉಳಿದದ್ದು

ಹದಿನಾಲ್ಕು ಜನರಲ್ಲಿ ವಾರವಾರ ಭೇಟಿ ನಡೆಯುತ್ತಿರುವುದು ಐದು ಮನೆಗೆ. ಒಂದು ಮನೆಗೆ ಇಬ್ಬರಂತೆ ಅಷ್ಟಕ್ಕೇ ಹತ್ತು ಜನ ಬೇಕು, ಸಿಕ್ಕಿರುವುದೂ ಹತ್ತೇ ಜನ. ಪಟ್ಟಿಯಲ್ಲಿ ಒಂಬತ್ತನೆಯವರು ನಿವೃತ್ತ ಮಾಸ್ತರು, ಬಾಡಿಗೆ ಕೋಣೆಯಲ್ಲಿದ್ದರು. 'ಮುಂದಿನ ತಿಂಗಳಿಂದ ಅವರ ಮನೆಗೂ ಶುರು ಮಾಡೋಣ' ಅಂತ ಮೂರು ಸಲ ಬರೆದುಕೊಂಡಿದ್ದೆ. ಕಳೆದ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಹಾಲಿನವನು ಮರುದಿನ ನೋಡಿದ. ನನ್ನ ಡೈರಿಯಲ್ಲಿ ಆ ಮೂರು ಸಾಲು ಹಾಗೇ ಇವೆ.

ಜೊತೆಗಿದ್ದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮೊದಲು ಎರಡು ತಿಂಗಳು ಹೊಸಬಳನ್ನು ಜೊತೆಗೆ ಕರೆತಂದು ರೂಢಿ ಮಾಡಿಸಿದೆವು. ಆದರೂ ಆಯಿ ಮೂರು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಅದು ಇನ್ನೊಬ್ಬ ಮಗ ಊರು ಬಿಟ್ಟ ಹಾಗೆ. ಹುಡುಗ ಗುರುವಾರ ನಾಲ್ಕಕ್ಕೆ ಫೋನ್ ಮಾಡುತ್ತಾನೆ, ಆಫೀಸಿನ ಮೆಟ್ಟಿಲ ಮೇಲೆ ನಿಂತುಕೊಂಡು.

ಈಗ ಆಯಿಗೆ 84. ಮಂಡಿ ಇನ್ನೂ ಕೆಟ್ಟಿದೆ. ಮಾತು ಜಾಸ್ತಿಯಾಗಿದೆ. ನಿನ್ನೆ ಬುಧವಾರ ರಾತ್ರಿ ಅವರೇ ಫೋನ್ ಮಾಡಿದ್ದರು: 'ಟೀಚರ, ನಾಳೆ ಬರುವಾಗ ಸೆಲ್ ತಗೊಂಡ ಬಾ. ಪಟ್ಟಿ ಕೀಳಬ್ಯಾಡ, ನಾನ ಕೀಳ್ತೀನಿ.'